ಬೇಯಾಳ ಟಿಕೇಟು ಒಳಗೆ, ಬೇಯಾ ಹೊರಗೆ

ನನ್ನ ಬಲಗಾಲು ಗತ್ತೂಸನ ಕೈಯಲ್ಲಿತ್ತು.

ಉಳಿದ ನಾನು ಗೋಡೆಯ ಮೇಲಿದ್ದೆ!

ಆ ಕಡೆ ಸೀದಿ ಮನ್ಸೂರಿನ ಹಳೇ ಕಲ್ಲು ರಂಗಮಂಟಪ... ಸಾವಿರಾರು ಜನ... ಡೋಲು ಬಿಗಿ ಮಾಡುವ ಸದ್ದು. ಈ ಕಡೆ ಗತ್ತೂಸ್. ಗತ್ತೂಸ್ ಅಂದರೆ ನಮ್ಮ ಟ್ಯೂನಿಸ್ ಮಾತಿನಲ್ಲಿ ಬೆಕ್ಕು. ಹೆಸರಿಟ್ಟವರು ಯಾರೋ ಏನೋ, ಆಳು ಒಂಟೆಯಷ್ಟಿದ್ದ.

“ಇಳಿಯೇ ಕೆಳಗೆ!”

“ಬಿಡೋ ಕಾಲು!”

“ಇಳೀತೀಯೋ, ಎಳೀಲೋ?”

“ಎಳಿ, ನೋಡೇಬಿಡೋಣ!”

ಎಳೆದ. ನಾನು ಒಂದು ಗೇಣು ಜಾರಿದೆ. ಜೀವ ಬಾಯಿಗೆ ಬಂತು.

ದೊಡ್ಡ ಕಾನ್ಸರ್ಟಿಗೆ ಹೋಗುವವರು ಲೇಸು ಬಿಗಿದ ಶೂ ಹಾಕಿಕೊಳ್ಳಬೇಕು, ಚಪ್ಪಲಿ ಹಾಕಬಾರದು ಅಂತ ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡುವವಳು ನಾನೇ. ಆ ಹೊತ್ತಿನಲ್ಲಿ ನನ್ನ ಉಪದೇಶಕ್ಕೆ ನಾನೇ ಶಾಪ ಹಾಕಿದೆ. ಚಪ್ಪಲಿಯಾಗಿದ್ದರೆ ಅವನ ಕೈಗೆ ಬಿಟ್ಟು ಹಾರಿಬಿಡಬಹುದಿತ್ತು!

ಆಗ ಕಂಡಿತು. ಅವನ ಎಡಗಿವಿಯ ಹಿಂದೆ ಮಲ್ಲಿಗೆ ಗೊಂಚಲು.

ನಮ್ಮಲ್ಲಿ ಬೇಸಿಗೆ ಸಂಜೆ ಗಂಡಸರೆಲ್ಲ ಕಿವಿಗೆ ಮಲ್ಲಿಗೆ ಸಿಕ್ಕಿಸುತ್ತಾರೆ. ಬಲಗಿವಿಯಾದರೆ ಮನೆಯಲ್ಲಿ ಹೆಂಡತಿ ಇದ್ದಾಳೆ ಅಂತ. ಎಡಗಿವಿಯಾದರೆ... ಹೆಣ್ಣು ಹುಡುಕುತ್ತಿದ್ದಾನೆ ಅಂತ!

“ಏನೋ ಗತ್ತೂಸ್, ಮದುವೆ ಆಗಿಲ್ವಾ?”

“ಹಾಂ?”

“ಎಡಗಿವಿಗೆ ಹೂವು ಇಟ್ಕೊಂಡು ಹೆಂಗಸಿನ ಕಾಲು ಹಿಡಿದಿದ್ದೀಯಲ್ಲ! ಆಯ್ತಪ್ಪಾ, ನಂದೇನೂ ಅಡ್ಡಿಯಿಲ್ಲ. ನಾಳೆ ನಿಮ್ಮಮ್ಮನ್ನ ಮನೆಗೆ ಕಳಿಸು, ಮಾತಾಡೋಣ!”

ನನಗೆ ಐವತ್ತು ದಾಟಿದೆ. ಅವನ ಮುಖ ಕುತ್ತಿಗೆವರೆಗೂ ಕೆಂಪಾಯಿತು.

“ಥೂ! ಹಂಗಲ್ಲ... ನಾನು...”

ಕೈ ಸಡಿಲವಾಯಿತು.

ಅಷ್ಟೇ ಸಾಕಿತ್ತು. ಆ ಕಡೆ ಬಿದ್ದೆ!

ಬಿದ್ದದ್ದು ಗೇಟಿನಲ್ಲಿ ಕಿತ್ತುಕೊಂಡ ಸಾಮಾನಿನ ರಾಶಿಯ ಮೇಲೆ. ನೀರಿನ ಬಾಟಲಿ, ಕೊಡೆ, ಸೆಂಟಿನ ಸೀಸೆ, ಯಾರೋ ಮಹಾತಾಯಿ ಮನೆಯಿಂದ ಹೊತ್ತು ತಂದ ಮ್ಯಾಕರೋನಿಯ ಇಡೀ ಪಾತ್ರೆ! ನೀವು ನಾಳೆ ಮೊದಲ ಸಲ ಇಂಥ ಕಡೆ ಹೋಗುತ್ತಿದ್ದೀರಿ ಅಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಏನನ್ನು ಬಿಡುತ್ತಾರೆ, ಏನನ್ನು ಬಿಡುವುದಿಲ್ಲ ಅಂತ ಮೊದಲೇ ಕೇಳಿಕೊಂಡು ಹೋಗಿ. ಇಲ್ಲದಿದ್ದರೆ ನಿಮ್ಮ ಮ್ಯಾಕರೋನಿಯ ಮೇಲೆ ನನ್ನಂಥವಳು ಬೀಳುತ್ತಾಳೆ.

ಬೆನ್ನಿಗೆಲ್ಲ ಟೊಮೆಟೊ ಸಾರು. ಎದ್ದೆ. ಓಡಿದೆ.

ಯಾಕೆ ಓಡಿದೆ? ಗೋಡೆ ಯಾಕೆ ಹತ್ತಿದೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ನೆಜ್ಮಾ. ಹಿಂದೆ ಇದೇ ರಂಗದ ಗೇಟಿನಲ್ಲಿ ನಿಂತು ಹೆಂಗಸರ ಬ್ಯಾಗು ತಡಕುತ್ತಿದ್ದೆ. ಈಗ ಸ್ವಂತ ಕಸುಬು. ಕಾನ್ಸರ್ಟುಗಳಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುತ್ತೇನೆ. ಮೊಬೈಲು, ಮಕ್ಕಳು, ಮನೆ ಬೀಗದ ಕೈ, ಗಂಡಂದಿರು... ಗಂಡನನ್ನು ಹುಡುಕಿಕೊಟ್ಟ ಮೇಲೆ ಬೇಡ ಅಂದವರೂ ಇದ್ದಾರೆ. ಆದರೆ ಮಾಲೀಕಳನ್ನು ಹೊರಗೆ ಬಿಟ್ಟು ತಾನೊಂದೇ ಒಳಗೆ ಹೋದ ಟಿಕೇಟನ್ನು ನಾನು ಅದುವರೆಗೆ ಹುಡುಕಿರಲಿಲ್ಲ.

ಅಂದು ಸುಹೈಲಾ ಹಾಡುವವಳಿದ್ದಳು. ಗೊತ್ತಲ್ಲ, ಸುಹೈಲಾ! ಇಪ್ಪತ್ತು ವರ್ಷ ದೇಶ ಬಿಟ್ಟು ಹೋಗಿದ್ದವಳು ಒಂದೇ ಒಂದು ಸಂಜೆಗೆ ವಾಪಸು ಬಂದಿದ್ದಳು. ಟಿಕೇಟುಗಳು ವಸಂತದಲ್ಲೇ ಖಾಲಿ. ಅವಳದೊಂದು ಪದ್ಧತಿ. ಸಂಜೆಯ ಆಜಾನ್ ಮುಗಿದ ಕೂಡಲೇ ವೇದಿಕೆಗೆ ಬರುತ್ತಾಳೆ, ‘ಬಂದರಿನ ದೀಪ’ ಹಾಡುತ್ತಾಳೆ. ಎಲ್ಲಕ್ಕಿಂತ ಮೊದಲು ಅದು. ಆಮೇಲೆ ನೀವು ತಲೆಕೆಳಗಾಗಿ ನಿಂತರೂ ಅದನ್ನು ಮತ್ತೆ ಹಾಡುವುದಿಲ್ಲ. ತಡವಾಗಿ ಬಂದವರಿಗೆ ಉಳಿದ ಹಾಡು.

ನಮ್ಮ ಓಣಿಯ ಬೇಯಾ ಚಿಕ್ಕಮ್ಮನಿಗೆ ಆ ಹಾಡು ಬೇಕಿತ್ತು.

ಅವಳ ಗಂಡ ಹಮೀದಾ ಮೀನು ಹಿಡಿದು ಬರುವಾಗ ಓಣಿಯ ತಿರುವಿನಿಂದಲೇ ಅದನ್ನು ಸಿಳ್ಳೆ ಹಾಕುತ್ತಿದ್ದ. ಇವಳು ಒಲೆ ಹಚ್ಚುತ್ತಿದ್ದಳು. ಹಮೀದಾ ತೀರಿಕೊಂಡು ಬಹಳ ವರ್ಷವಾಯಿತು. ಬೇಯಾಳ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಚಳಿಗಾಲದ ಆಲಿವ್ ಕೊಯ್ಲಿನ ಹೊತ್ತಿಗೆ ಹೋಗುತ್ತದೆ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಇನ್ನು ಮುಂದಿನ ಬೇಸಿಗೆ ಅನ್ನುವುದು ಅವಳ ಕಿವಿಗಿರಲಿಲ್ಲ.

ಹಾಗಾಗಿ ಹೊಸ ರೇಷ್ಮೆ ಉಡುಪು ತೊಟ್ಟಿದ್ದಳು. ಕಂಕುಳಲ್ಲಿ ಕಲ್ಲಿನ ಮೇಲೆ ಹಾಕಿಕೊಳ್ಳುವ ದಿಂಬು. ನನ್ನ ತೋಳು ಹಿಡಿದು ಗೇಟಿಗೆ ಬಂದಳು. ಟಿಕೇಟು ಚಾಚಿದಳು.

ಟ್ಯಾಂ! ಕೆಂಪು ದೀಪ!

“ಈ ಟಿಕೇಟು ಆಗಲೇ ಒಳಗೆ ಹೋಗಿದೆ,” ಅಂದ ಹಾತೆಮ್. ಗೇಟಿನ ಮೇಲ್ವಿಚಾರಕ ಅವನು. ಕೈಯಲ್ಲಿ ವಾಕಿಟಾಕಿ, ಮೂಗಿನ ತುದಿಯಲ್ಲಿ ಕೋಪ.

“ಟಿಕೇಟು ನನ್ನ ಕೈಲಿದೆಯಲ್ಲೋ ಮಗನೇ!”

“ಮೆಷೀನು ಸುಳ್ಳು ಹೇಳಲ್ಲಮ್ಮಾ.”

“ಹಂಗಾದ್ರೆ ನಾನು ಹೇಳ್ತೀನಾ?”

“ಟಿಕೇಟಿನ ಮೇಲಿನ ಈ ಗೆರೆ ಕೋಡು ಒಂದು ಸಲ ಒಳಗೆ ಹೋಗಿ ಆಗಿದೆ. ಮೊದಲು ಬಂದದ್ದು ಅಸಲಿ, ಆಮೇಲೆ ಬಂದದ್ದು ನಕಲಿ. ಪಕ್ಕಕ್ಕೆ ನಿಂತ್ಕೊಳ್ಳಿ.”

ನಾನು ಮುಂದೆ ಬಂದೆ. “ಹಾತೆಮ್, ನನ್ನ ಒಳಗೆ ಬಿಡು. ಕದ್ದವರನ್ನ ಹಿಡಿದು ತರ್ತೀನಿ.”

“ನಿನ್ನನ್ನಾ? ಟಿಕೇಟಿಲ್ಲದೆ ಒಂದು ಇರುವೇನೂ ಬಿಡಲ್ಲ!”

“ತಂದರೆ?”

“ನಕಲಿ ಟಿಕೇಟನ್ನ ಕಣ್ಣೆದುರಿಗೆ ತೋರಿಸು, ಇವರನ್ನ ಬಿಡ್ತೀನಿ. ಮಾತು ಅಂದ್ರೆ ಮಾತು.”

ಬೇಯಾ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತಳು. ಮುಖ ಚಿಕ್ಕದಾಗಿತ್ತು. ನಾನು ಪಕ್ಕದಲ್ಲಿ ಕುಕ್ಕರಿಸಿದೆ.

“ಚಿಕ್ಕಮ್ಮಾ, ಟಿಕೇಟು ಯಾರಿಗಾದ್ರೂ ತೋರಿಸಿದ್ರಾ?” ಎಡಗಿವಿಯ ಹತ್ತಿರ ಕೂಗಿದೆ.

“ಯಾರಿಗೂ ಇಲ್ಲ! ನನಗೇನು ಹುಚ್ಚಾ?”

“ಯಾರಿಗೂ?”

“ಯಾರಿಗೂ ಇಲ್ಲ ಅಂದ್ನಲ್ಲ! ಸ್ಟೇಟಸ್ ಹಾಕಿದ್ದೆ ಅಷ್ಟೇ.”

ಯಾ ರಬ್ಬೀ, ನನ್ನ ದೇವರೇ!

ಫೋನು ಕಿತ್ತುಕೊಂಡು ನೋಡಿದೆ. ಟಿಕೇಟಿನ ಫೋಟೋ, ಫಳಫಳ ಅಂತ. ಸಾಲು, ಸೀಟು ಬರೆದ ಜಾಗದ ಮೇಲೆ ತನ್ನ ಕೊರಳಿನ ಬೆಳ್ಳಿ ಹಸ್ತವನ್ನು ಇಟ್ಟಿದ್ದಳು. ದೃಷ್ಟಿ ತಾಕದಿರಲಿ ಅಂತ ಮನೆಮನೆಯಲ್ಲೂ ಇರುತ್ತದಲ್ಲ, ಐದು ಬೆರಳಿನದು, ಅದೇ. ಆ ಹಸ್ತದ ಕೆಳಗೆ ಟಿಕೇಟಿನ ಗೆರೆಗೆರೆ ಕೋಡು ಪೂರ್ತಿ ಬೆತ್ತಲೆ!

“ಇದೇನು ಚಿಕ್ಕಮ್ಮಾ?”

“ಸೀಟು ಮುಚ್ಚಿದೀನಿ! ಎಂಥಾ ಒಳ್ಳೇ ಸೀಟು ಗೊತ್ತಾ? ಪಕ್ಕದ ಮನೆ ಮೊಂಜಿಯಾ ನೋಡಿದ್ರೆ ಅವಳ ಕಣ್ಣು ಬೀಳುತ್ತೆ. ಅವಳ ಕಣ್ಣು ಬಿದ್ದು ನನ್ನ ತುಳಸಿ ಗಿಡವೇ ಒಣಗಿ ಹೋಗಿದೆ!”

“ಗೆರೆ ಯಾಕೆ ಮುಚ್ಚಲಿಲ್ಲ?”

“ಗೆರೆಗೆ ಯಾರೇ ದೃಷ್ಟಿ ಹಾಕ್ತಾರೆ?”

ಹಣೆ ಹಣೆ ಚಚ್ಚಿಕೊಂಡೆ. ಇದು ನಮ್ಮವರು ಮಾತ್ರ ಮಾಡುವ ತಪ್ಪು! ಕೆಟ್ಟ ಕಣ್ಣಿಗೆ ಹೆದರಿ ಸೀಟನ್ನು ಮುಚ್ಚುತ್ತಾರೆ, ಕಳ್ಳನಿಗೆ ಬಾಗಿಲು ತೆರೆದಿಡುತ್ತಾರೆ. ನೀವು ಮಾತ್ರ ಟಿಕೇಟಿನ ಫೋಟೋ ಯಾರಿಗೂ ತೋರಿಸಬೇಡಿ. ತೋರಿಸದೆ ಇರಲಾಗದಿದ್ದರೆ ನಿಮ್ಮ ಮುಖ ತೋರಿಸಿ, ಸಾಕು.

ಆದರೆ ಹಣೆ ಚಚ್ಚಿಕೊಳ್ಳುವಾಗಲೇ ಒಂದು ವಿಷಯ ಹೊಳೆಯಿತು. ಆ ಫೋಟೋದಿಂದ ನಕಲಿ ಟಿಕೇಟು ಮಾಡಿದ್ದರೆ ಬೆಳ್ಳಿ ಹಸ್ತವೂ ಅದರ ಮೇಲೆ ಅಚ್ಚಾಗಿರುತ್ತದೆ! ಸೀಟಿನ ನಂಬರ್ ಇರುವುದಿಲ್ಲ! ಅಂದರೆ ಬೇಯಾಳ ಹೆಸರಲ್ಲಿ ಒಳಗೆ ಹೋದವರಿಗೆ ಎಲ್ಲಿ ಕೂರಬೇಕು ಅಂತಲೇ ಗೊತ್ತಿಲ್ಲ.

“ಇಲ್ಲೇ ಇರಿ,” ಅಂದೆ. “ಈ ಕಲ್ಲು ಬಿಟ್ಟು ಅಲ್ಲಾಡಬೇಡಿ!”

ಇದೂ ನೆನಪಿಟ್ಟುಕೊಳ್ಳಿ. ಜೊತೆಯವರು ಬೇರೆಯಾದರೆ ಎಲ್ಲಿ ಸೇರಬೇಕು ಅಂತ ಮೊದಲೇ ಜಾಗ ಗೊತ್ತು ಮಾಡಿಕೊಳ್ಳಿ. ಜನ ಹೆಚ್ಚಾದರೆ ಫೋನು ಕೈಕೊಡುತ್ತದೆ, ಕಲ್ಲು ಕೊಡುವುದಿಲ್ಲ.

ನಕಲಿ ಮಾಲು ಎಲ್ಲಿ ಸಿಗುತ್ತದೆ ಅಂತ ಹುಡುಕಬೇಕಾಗಿರಲಿಲ್ಲ. ಕಾರು ನಿಲ್ಲಿಸುವ ಬಯಲಿನಲ್ಲಿ, ಬಂಬಲೂನಿ ಕರಿಯುವ ಗಾಡಿಯ ಹಿಂದೆ, ಶುಕ್ರಿ ನಿಂತಿದ್ದ. ಹಗಲು ಮದುವೆ ಕಾರ್ಡು ಅಚ್ಚು ಹಾಕುತ್ತಾನೆ. ಸಂಜೆ ಬೇರೆಯವರ ಟಿಕೇಟು. ಬ್ರೆಡ್ಡಿನ ಚೀಲದೊಳಗೆ ಕೈ ಹಾಕಿ ಒಂದೊಂದಾಗಿ ತೆಗೆಯುತ್ತಿದ್ದ. ಪಕ್ಕದಲ್ಲಿ ಕಾವಲಿಗೆ ಗತ್ತೂಸ್. ಸಕ್ಕರೆ ಮೆತ್ತಿದ ಬಂಬಲೂನಿಯನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ತಿನ್ನುತ್ತಿದ್ದ.

ತಲೆ ಮೇಲೆ ಶಾಲು ಎಳೆದುಕೊಂಡು ದನಿ ಬದಲಿಸಿದೆ. “ಒಂದಿದ್ರೆ ಕೊಡಪ್ಪಾ...”

ಕೊಟ್ಟ. ನೋಡಿದೆ. ನಗು ತಡೆಯಲಾಗಲಿಲ್ಲ! ಟಿಕೇಟಿನ ಮೂಲೆಯಲ್ಲಿ ಯಾರದೋ ಹೆಬ್ಬೆಟ್ಟು, ಉಗುರುಬಣ್ಣದ ಸಮೇತ, ಅಚ್ಚಾಗಿತ್ತು. ಚೀಲದೊಳಗೆ ಇಣುಕಿದೆ. ಒಂದರಲ್ಲಿ ಚಹಾ ಲೋಟದ ಅರ್ಧ, ಇನ್ನೊಂದರಲ್ಲಿ ಯಾವುದೋ ಮಗುವಿನ ಪಾದ! ಊರವರ ಸ್ಟೇಟಸ್ಸೆಲ್ಲ ಆ ಚೀಲದಲ್ಲಿತ್ತು.

“ಶುಕ್ರಿ, ಬೆಳ್ಳಿ ಹಸ್ತ ಇರೋದು ಯಾರಿಗೆ ಕೊಟ್ಟೆ?”

ಅವನು ಶಾಲಿನೊಳಗೆ ಬಗ್ಗಿ ನೋಡಿದ.

“ನೆಜ್ಮಾ! ಗತ್ತೂಸ್, ಹಿಡಿಯೋ ಅವಳನ್ನ!”

ಕಾಲಿಗೆ ಬುದ್ಧಿ ಹೇಳಿದೆ!

ಬಾಡಿಗೆ ವ್ಯಾನುಗಳ ನಡುವೆ ನುಗ್ಗಿದೆ. ಗತ್ತೂಸ್ ಹಿಂದೆ. ಮಲ್ಲಿಗೆ ಮಾರುವವನ ತಟ್ಟೆ ಹಾರಿತು. “ಕಣ್ಣು ಕಾಣ್ಸಲ್ವಾ?” “ಆಮೇಲೆ ಬೈಯಿ!” ಒಂದು ವ್ಯಾನಿನ ಈ ಬಾಗಿಲಿಂದ ಹತ್ತಿ ಆ ಬಾಗಿಲಿಂದ ಇಳಿದೆ. ಒಳಗಿದ್ದವರೆಲ್ಲ ಬಾಯಿತುಂಬ ಸಲಾಂ ಹೇಳಿದರು! ಗತ್ತೂಸನೂ ಹಾಗೇ ಹತ್ತಿದ, ಸಿಕ್ಕಿಹಾಕಿಕೊಂಡ, ಅವರೆಲ್ಲ ಸೇರಿ ತಳ್ಳಿದರು. ಅಷ್ಟರಲ್ಲಿ ನನ್ನ ಕೈಗೆ ಹಿಂಬದಿಯ ಗೋಡೆ ಸಿಕ್ಕಿತ್ತು. ಹತ್ತಿದೆ. ಅವನ ಕೈಗೆ ನನ್ನ ಕಾಲು ಸಿಕ್ಕಿತು.

ಮುಂದಿನದು ಹೇಳಿದೆನಲ್ಲ. ಮ್ಯಾಕರೋನಿ!

ಈಗ ಒಳಗಿದ್ದೆ. ಆಕಾಶ ಕೆಂಪಾಗಿತ್ತು. ಸಮುದ್ರದ ಗಾಳಿ, ಸೂರ್ಯಕಾಂತಿ ಬೀಜ ಉಗುಳುವ ಸದ್ದು, “ಸುಹೈಲಾ! ಸುಹೈಲಾ!” ಅನ್ನುವ ಕೂಗು. ಮೈಯೆಲ್ಲ ಜುಂ ಅಂದಿತು. ಎಷ್ಟು ವರ್ಷ ನೋಡಿದರೂ ನನಗೆ ಇದು ಹಳತಾಗಿಲ್ಲ ನೋಡಿ! ಆದರೆ ಆಜಾನಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ಸೀಟು ತೋರಿಸುವ ಹುಡುಗಿಯನ್ನು ಹಿಡಿದೆ.

“ಸೀಟು ಗೊತ್ತಿಲ್ಲದೆ ಅಲೀತಾ ಇರೋರು ಯಾರಾದ್ರೂ ಇದಾರೇನಮ್ಮಾ?”

ಅವಳಿಗೆ ಅಳು ಬರುವುದೊಂದು ಬಾಕಿ. “ಒಬ್ರು ಅಜ್ಜಿ ಇದಾರೆ ಮೇಡಂ, ಕಪ್ಪು ಕನ್ನಡಕ! ಎಲ್ಲಿ ಕೂತ್ರೂ ಸೀಟಿನವರು ಬಂದು ಎಬ್ಬಿಸ್ತಾರೆ. ಪ್ರತಿ ಸಾಲಲ್ಲೂ ಜಗಳ! ನಂಬರ್ ತೋರ್ಸಿ ಅಂದ್ರೆ ಟಿಕೇಟಲ್ಲಿ ನಂಬರೇ ಇಲ್ಲ, ಒಂದು ಕೈ ಇದೆ!”

“ಈಗ ಎಲ್ಲಿ?”

ಅವಳು ಬೆರಳು ತೋರಿಸಿದಳು. ಎಲ್ಲಕ್ಕಿಂತ ಮುಂದಿನ ಸಾಲು! ಮೇಯರ್ ಹೆಂಡತಿಗೆ ಅಂತ ರಿಬ್ಬನ್ನು ಕಟ್ಟಿ ಇಟ್ಟಿದ್ದ ಕುರ್ಚಿ. ಅದರಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಬೀಜ ಒಡೆಯುತ್ತಾ, ಕೂತಿದ್ದಾಳೆ ಒಬ್ಬ ಹೆಂಗಸು.

ಹತ್ತಿರ ಹೋದೆ. ಕಪ್ಪು ಕನ್ನಡಕ ಎತ್ತಿದೆ.

ಮೊಂಜಿಯಾ! ಬೇಯಾಳ ಪಕ್ಕದ ಮನೆಯ ಮೊಂಜಿಯಾ!

“ಅಯ್ಯೋ ನೆಜ್ಮಾ, ನೀನೂ ಬಂದ್ಯಾ? ಬಾ ಕೂತ್ಕೋ! ಇದೇನೇ ಬೆನ್ನ ಮೇಲೆ?”

“ಮ್ಯಾಕರೋನಿ. ಟಿಕೇಟು ತೋರಿಸಿ.”

ಹೆಮ್ಮೆಯಿಂದ ತೋರಿಸಿದಳು. ಸೀಟಿನ ಜಾಗದಲ್ಲಿ ಬೇಯಾಳ ಬೆಳ್ಳಿ ಹಸ್ತ. ಸರಪಣಿಯ ತುಂಡೂ ಅಚ್ಚಾಗಿತ್ತು.

“ಇದೇನು ಗೊತ್ತಾ ನಿಮಗೆ?”

“ಸಂಘಟಕರ ಮುದ್ರೆ!”

“ಬೇಯಾ ಚಿಕ್ಕಮ್ಮನ ಕೊರಳಿಂದು!”

ಮೊಂಜಿಯಾ ಗಲ್ಲ ಎತ್ತಿದಳು. “ಇರಲಿ! ಅವಳೇ ಅಲ್ವಾ ನನಗೆ ಫೋಟೋ ಕಳಿಸಿದ್ದು? ಸ್ಟೇಟಸ್ ಹಾಕಿದ್ದು ಸಾಲದು ಅಂತ ನನಗೆ ಬೇರೆಯಾಗಿ ಕಳಿಸಿದ್ಲು, ಹೊಟ್ಟೆ ಉರಿಸೋಕೆ! ನಮ್ಮಕ್ಕನ ಮಗ ಶುಕ್ರಿಗೆ ತೋರಿಸ್ದೆ. ‘ಇದರಿಂದ ಇನ್ನೊಂದು ಮಾಡ್ಬಹುದು ಚಿಕ್ಕಮ್ಮಾ, ಇಬ್ರೂ ಹೋಗಿ, ಯಾರಿಗೂ ನಷ್ಟ ಇಲ್ಲ’ ಅಂದ. ಒಳಗೆ ಬಂದಾಗಿನಿಂದ ಅವಳನ್ನೇ ಹುಡುಕ್ತಾ ಇದೀನಿ. ನಾನು ಮುಂದಿನ ಸಾಲಲ್ಲಿ ಕೂತಿರೋದನ್ನ ಅವಳು ನೋಡ್ಬೇಡ್ವಾ? ಎಲ್ಲಿ ಅವಳು?”

“ಗೇಟಿನ ಹೊರಗೆ.”

“ಯಾಕೆ?”

“ಒಂದು ಗೆರೆಗೆ ಒಬ್ಬರೇ. ನೀವು ಒಳಗೆ ಬಂದ್ರಿ. ಅವರು ನಕಲಿ ಆದ್ರು. ಕಲ್ಲಿನ ಮೇಲೆ ಕೂತ್ಕೊಂಡು ಅಳ್ತಾ ಇದಾರೆ.”

ಮೊಂಜಿಯಾ ಬೀಜ ಒಡೆಯುವುದು ನಿಲ್ಲಿಸಿದಳು. ಕಪ್ಪು ಕನ್ನಡಕವನ್ನು ಪೂರ್ತಿ ತೆಗೆದಳು. ಆ ಕಣ್ಣುಗಳನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಹೆದರಿದ್ದವು.

“ಆ ಒಂದು ಕಿವಿಯಲ್ಲಿ... ಈ ಹಾಡು ಕೇಳ್ಬೇಕು ಅಂತ ಅವಳು...” ಕೈಚೀಲ ಎಳೆದುಕೊಂಡಳು. “ಏಳೇ! ನಡಿ! ಇನ್ನೂ ನೋಡ್ತಾ ನಿಂತಿದ್ದೀಯಲ್ಲ!”

ಕುರ್ಚಿಯಲ್ಲಿ ಕೂತಿದ್ದವಳು ಅವಳು!

ಅಷ್ಟರಲ್ಲಿ ಮೆಟ್ಟಿಲ ಮೇಲೆ ಇಬ್ಬರು ಕಂಡರು. ಶುಕ್ರಿ. ಗತ್ತೂಸ್. ತಮ್ಮದೇ ಮಾಲು ತೋರಿಸಿ ಒಳಗೆ ಬಂದಿದ್ದರು. ಆ ಹಸ್ತದ ಟಿಕೇಟು ಹಾತೆಮನ ಕೈಗೆ ಸೇರಿದರೆ ಕತೆ ಮುಗಿಯಿತು ಅಂತ ಅವರಿಗೂ ಗೊತ್ತಿತ್ತು.

“ಚಿಕ್ಕಮ್ಮಾ, ಟಿಕೇಟು ಇಲ್ಲಿ ಕೊಡಿ!” ಶುಕ್ರಿ ಕೂಗಿದ.

“ಕೊಡ್ತೀನಿ ಬಾ ನಿನಗೆ!” ಅಂದಳು ಮೊಂಜಿಯಾ. ಟಿಕೇಟನ್ನು ರವಿಕೆಯೊಳಗೆ ತುರುಕಿದಳು.

ದೊಡ್ಡ ಜಾಗಕ್ಕೆ ಹೋದ ಕೂಡಲೇ ಹೊರಗೆ ಹೋಗುವ ದಾರಿ ಎಲ್ಲೆಲ್ಲಿದೆ ಅಂತ ನೋಡಿಟ್ಟುಕೊಳ್ಳಬೇಕು. ಎಲ್ಲರಿಗೂ ಬಂದ ದಾರಿಯೊಂದೇ ಕಾಣುತ್ತದೆ, ಎಲ್ಲರೂ ಅಲ್ಲೇ ನುಗ್ಗುತ್ತಾರೆ. ನನಗೆ ಪಕ್ಕದ ದಾರಿ ಗೊತ್ತಿತ್ತು. ಆದರೆ ಅದಕ್ಕೆ ಹೋಗಲು ಒಂದು ಇಡೀ ಸಾಲನ್ನು ದಾಟಬೇಕಿತ್ತು. ಇಡೀ ಸಾಲು ಹೆಂಗಸರು. ಮದುವೆ ದಿಬ್ಬಣದಷ್ಟು ಸಡಗರ, ಅಷ್ಟೇ ಬಂಗಾರ.

ದಾಟಿದೆವು! ಮಡಿಲುಗಳ ಮೇಲೆ, ದಿಂಬುಗಳ ಮೇಲೆ, ಕಾಲುಗಳ ಮೇಲೆ.

“ಅಯ್ಯೋ ನನ್ನ ಕಾಲು!”

“ಕ್ಷಮಿಸಿ ತಾಯಿ!”

“ಯಾರೇ ಇದು, ಮ್ಯಾಕರೋನಿ ವಾಸನೆ?”

ಗತ್ತೂಸನೂ ಅದೇ ಸಾಲಿಗೆ ನುಗ್ಗಿದ. ನಾನು ತಿರುಗಿ ಕೂಗಿದೆ.

“ಅಕ್ಕಂದಿರಾ! ಹುಡುಗನ ಕಿವಿ ನೋಡ್ರೇ! ಎಡಗಿವಿ!”

ಸಾಲಿಗೆ ಸಾಲೇ ತಿರುಗಿತು.

“ಅಯ್ಯೋ ಹೌದಲ್ವೇ! ಏನಪ್ಪಾ, ಇನ್ನೂ ಮದುವೆ ಆಗಿಲ್ವಾ?”

“ಬಿಡಿ, ನನಗೆ ಕೆಲಸ ಇದೆ...”

“ಕೆಲಸ ಇದೆಯಂತೆ! ಎಂಥಾ ಕೆಲಸ, ಸರ್ಕಾರಿಯಾ?”

“ಮೈಕಟ್ಟು ನೋಡೇ! ಕೂತ್ಕೋ ಮಗಾ. ನನ್ನ ಮಗಳು ಟೀಚರ್ ಆಗಿದಾಳೆ.”

“ಮೊದಲು ಕೇಳಿದ್ದು ನಾನು!”

ಹತ್ತು ಕೈ ಸೇರಿ ಅವನನ್ನು ಕೂರಿಸಿಬಿಟ್ಟವು. ಯಾರೋ ಬಾಯಿಗೆ ಸಿಹಿ ತುರುಕಿದರು. ಗೂಂಡಾಗಿರಿ ಮಾಡಿ ಮಾಡಿ ಸಾಕಾಗಿತ್ತೋ ಏನೋ... ಎದ್ದೇಳುವ ಪ್ರಯತ್ನವನ್ನು ಅವನು ಅಷ್ಟೇನೂ ಜೋರಾಗಿ ಮಾಡಲಿಲ್ಲ.

ಶುಕ್ರಿ ಮಾತ್ರ ಸುತ್ತು ಹಾಕಿ ಬಂದು ಪಕ್ಕದ ಬಾಗಿಲಿಗೆ ಅಡ್ಡ ನಿಂತ.

“ಚಿಕ್ಕಮ್ಮಾ, ನಾನು ನಿಮ್ಮಕ್ಕನ ಮಗ...”

ಫಟಾರ್!

ಕೈಚೀಲ. ಅದರಲ್ಲಿ ಬೀಜದ ಪೊಟ್ಟಣ, ಮನೆ ಬೀಗ, ಮತ್ತೆ ಏನೇನಿತ್ತೋ. ಅವನು ಕೆನ್ನೆ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ನಿಂತ. ಮೊಂಜಿಯಾ ಅವನ ಕಿವಿ ಹಿಡಿದಳು.

“ಯಾರಿಗೂ ನಷ್ಟ ಇಲ್ಲ ಅಂದ್ಯಲ್ಲೋ! ಬಾ, ಕೂತಿದೆ ನಷ್ಟ, ಕಲ್ಲಿನ ಮೇಲೆ. ತೋರಿಸ್ತೀನಿ!”

ಆಗಲೇ ಆಜಾನ್ ಶುರುವಾಯಿತು.

ಇಡೀ ರಂಗ ಮೌನವಾಯಿತು. ನಾವು ಓಡಿದೆವು. ಮುಂದೆ ನಾನು, ಹಿಂದೆ ಮೊಂಜಿಯಾ, ಅವಳ ಕೈಯಲ್ಲಿ ಶುಕ್ರಿಯ ಕಿವಿ, ಕಿವಿಯ ಹಿಂದೆ ಶುಕ್ರಿ. ಎದ್ದೆವೋ ಬಿದ್ದೆವೋ ಅಂತ ಗೇಟು ಮುಟ್ಟಿದೆವು.

ಗೇಟಿನ ಹೊರಗೆ ಗಲಾಟೆ. ಸ್ಟೇಟಸ್ ಹಾಕಿ ಕೆಟ್ಟ ಹೆಬ್ಬೆಟ್ಟಿನವರು, ಚಹಾ ಲೋಟದವರು, ಮಗುವಿನ ಪಾದದವರು... ಎಲ್ಲರಿಗೂ ಕೆಂಪು ದೀಪ! ಹಾತೆಮ್ ಬೆವರಿ ನೀರಾಗಿದ್ದ. ಬೇಯಾ ಅದೇ ಕಲ್ಲಿನ ಮೇಲೆ ಕೂತಿದ್ದಳು. ದಿಂಬನ್ನು ಎದೆಗೆ ಅವುಚಿಕೊಂಡಿದ್ದಳು.

ರವಿಕೆಯಿಂದ ಟಿಕೇಟು ಎಳೆದು ಹಾತೆಮನ ಮೂಗಿಗೆ ಹಿಡಿದೆವು. ಅವನು ಬೇಯಾಳ ಕೊರಳು ನೋಡಿದ. ಟಿಕೇಟು ನೋಡಿದ. ಮತ್ತೆ ಕೊರಳು ನೋಡಿದ.

“ಸರಪಣಿನೂ ಅದೇ,” ಅಂದ. ಶುಕ್ರಿಯ ಕಿವಿ ಮೊಂಜಿಯಾಳ ಕೈಯಿಂದ ಕಾವಲುಗಾರರ ಕೈಗೆ, ಅವನ ಬ್ರೆಡ್ಡಿನ ಚೀಲ ಹಾತೆಮನ ಕೈಗೆ ಹೋಯಿತು. “ಹೆಬ್ಬೆಟ್ಟಿಂದು ಯಾರದು? ಉಗುರುಬಣ್ಣ ತೋರಿಸಿ, ಬನ್ನಿ! ಮಗುವಿನ ಪಾದದವರು ಮಗೂನ ಎತ್ಕೊಂಡು ಬನ್ನಿ!”

ಜನ ಹೋ ಅಂತ ನಕ್ಕರು, ಕೇಕೆ ಹಾಕಿದರು.

“ಚಿಕ್ಕಮ್ಮಾ, ನೀವು ಒಳಗೆ. ಮಾತು ಅಂದ್ರೆ ಮಾತು. ಆದರೆ ಇವರು...” ಮೊಂಜಿಯಾಳ ಕಡೆ ಬೆರಳು ಮಾಡಿದ. “ಹೊರಗೆ! ಒಂದು ಗೆರೆಗೆ ಒಬ್ಬರೇ!”

ಮೊಂಜಿಯಾ ತಾನೇ ಹೊರಗೆ ಹೆಜ್ಜೆ ಇಟ್ಟಳು. ಬೇಯಾಳ ಎದುರು ನಿಂತಳು.

“ನಿನ್ನ ಗಿಡ ಒಣಗಿದ್ದು ನನ್ನ ಕಣ್ಣಿಂದಲ್ಲ ಕಣೇ,” ಎಡಗಿವಿಗೆ ಬಾಯಿಟ್ಟು ಕಿರುಚಿದಳು. “ನೀನು ನೀರು ಹಾಕಲ್ಲ!”

“ನಿನ್ನ ಮುಖ ನೋಡಿದ್ರೆ ನೀರೂ ಆವಿಯಾಗುತ್ತೆ!”

“ಹೋಗೇ ಒಳಗೆ! ಹಾಡು ಶುರುವಾಗುತ್ತೆ!”

“ನೀನು?”

“ನನಗೇನು? ಗೋಡೆ ಆಚೆಯಿಂದ ಕೇಳ್ತೀನಿ. ನನ್ನ ಎರಡು ಕಿವೀನೂ ಚೆನ್ನಾಗಿವೆ.”

ಬೇಯಾ ಒಂದು ಹೆಜ್ಜೆ ಇಟ್ಟಳು. ನಿಂತಳು. ತಿರುಗಿದಳು.

“ಹಾತೆಮ್, ಇವಳನ್ನೂ ಬಿಡು.”

“ಚಿಕ್ಕಮ್ಮಾ!”

“ನಾನು ಹೋಗೋದನ್ನ ಇವಳು ನೋಡದಿದ್ರೆ ನನಗೇನೋ ಸುಖ?”

“ಒಂದು ಟಿಕೇಟಲ್ಲಿ ಇಬ್ರು ಹೇಗಮ್ಮಾ?”

“ನನಗೆ ಕೇಳೋದು ಒಂದೇ ಕಿವಿ! ಅರ್ಧ ಟಿಕೇಟು ನಂದು, ಅರ್ಧ ಇವಳದು. ಲೆಕ್ಕ ಸರಿಯಾಯ್ತಾ?”

ಹಾತೆಮ್ ಬಾಯಿ ತೆರೆದ. ಒಳಗೆ ಆಜಾನ್ ಮುಗಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಂದು ಊದ್ ವಾದ್ಯದ ತಂತಿ... ಟಿಂಗ್. ಸಾಲಿನಲ್ಲಿ ನಿಂತವರೆಲ್ಲ ಒಂದೇ ಗಂಟಲಲ್ಲಿ “ಬಿಡೋ! ಬಿಡೋ! ಬಿಡೋ!” ಅಂತ ಕೂಗತೊಡಗಿದರು.

“ಹೋಗ್ರೀ!” ಹಾತೆಮ್ ವಾಕಿಟಾಕಿ ಜೇಬಿಗೆ ತುರುಕಿದ. “ಇಬ್ರೂ ಹೋಗಿ! ನೆಜ್ಮಾ, ನೀನೂ ಹೋಗು! ಬಾಯಿ ಮುಚ್ಕೊಂಡು ಹೋಗಿ, ನಾನೂ ಹಾಡು ಕೇಳ್ಬೇಕು!”

ಹೋದೆವು! ದಿಂಬು ನನ್ನ ತಲೆ ಮೇಲೆ, ಬೇಯಾ ನಮ್ಮಿಬ್ಬರ ತೋಳಿನಲ್ಲಿ. ಅವಳ ಕಾಲು ನೆಲ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಸೀಟು ನಿಜಕ್ಕೂ ಒಳ್ಳೆಯದು. ನಡುಮಧ್ಯ, ಸ್ಪೀಕರಿಗೆ ತೀರ ಹತ್ತಿರವೂ ಅಲ್ಲ. ನೀವೂ ಹಾಗೇ ನೋಡಿಕೊಳ್ಳಿ, ಸ್ಪೀಕರಿನ ಬುಡದಲ್ಲಿ ನಿಂತರೆ ಕಿವಿ ಹೋಗುತ್ತದೆ, ಹಾಡೂ ಸಿಗುವುದಿಲ್ಲ. ಒಂದೇ ದಿಂಬಿನ ಮೇಲೆ ಇಬ್ಬರೂ ಕೂತರು. ಎಡಕ್ಕೆ ಮೊಂಜಿಯಾ. ಮೆಟ್ಟಿಲ ಮೇಲೆ ನಾನು.

ಸುಹೈಲಾ ಬಂದಳು. ಕೂದಲು ಬೆಳ್ಳಗಾಗಿತ್ತು. ದನಿ ಆಗಿರಲಿಲ್ಲ.

ಮೊಂಜಿಯಾ ಬೇಯಾಳ ಕಿವಿಗೆ ಬಾಯಿಟ್ಟು ಹಾಡಿನ ಮಾತುಗಳನ್ನು ಕಿರುಚಿ ಹೇಳತೊಡಗಿದಳು. ಶ್ರುತಿ ಇಲ್ಲ, ತಾಳ ಇಲ್ಲ, ಎಂಜಲು ಬೇರೆ ಹಾರುತ್ತಿತ್ತು. ಬೇಯಾ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಇಷ್ಟೆಲ್ಲ ಮಾಡಿ ಕೇಳಿಸದೇ ಹೋದರೆ?

ಇದ್ದಕ್ಕಿದ್ದ ಹಾಗೆ ಬೇಯಾ ಮೊಂಜಿಯಾಳ ಮುಖವನ್ನು ಅಂಗೈಯಿಂದ ಆಚೆ ತಳ್ಳಿದಳು.

“ಬಾಯ್ಮುಚ್ಚೇ! ಅವಳು ಹಾಡೋದು ಕೇಳಿಸ್ತಾ ಇದೆ!”

ಮೊಂಜಿಯಾ ಬಾಯಿ ಮುಚ್ಚಿದಳು. ಜೀವಮಾನದಲ್ಲಿ ಮೊದಲ ಸಲ ಇರಬೇಕು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನಿಲ್ಲ. ಬೇಯಾ ಎದ್ದಳು. ದಿಂಬಿನ ಮೇಲೆ ಹತ್ತಿದಳು. ಸೊಂಟಕ್ಕೆ ಶಾಲು ಬಿಗಿದಳು. ಎರಡು ಕೈ ಆಕಾಶಕ್ಕೆತ್ತಿ ಕುಣಿಯತೊಡಗಿದಳು, ಪ್ರತಿ ಮಾತಿಗೂ, ಪ್ರತಿ ತಂತಿಗೂ, ಒಂದನ್ನೂ ಬಿಡದೆ!

“ಕೂತ್ಕೊಳ್ಳಮ್ಮಾ! ಹಿಂದಿನವರಿಗೆ ಏನೂ ಕಾಣಿಸ್ತಿಲ್ಲ!” ಹಿಂದಿನ ಸಾಲುಗಳೆಲ್ಲ ಸೇರಿ ಬಾಯಿ ಬಡಿದುಕೊಂಡವು.

ಅದೊಂದು ಮಾತ್ರ ಅವಳಿಗೆ ಕೊನೆವರೆಗೂ ಕೇಳಿಸಲಿಲ್ಲ.